ಹದಿನೇಳನೇ ಗೇಜಿನ ವಿವರಣೆಯನ್ನು ಮೂರು ಬಾರಿ ಬರೆದ ಬಗ್ಗೆ

ಮಾನ್ಯ ಓದುಗರೇ,

ಮೊದಲನೆಯದಾಗಿ ಕ್ಷಮೆ ಕೋರುತ್ತೇನೆ. ಬೇರೆ ಬೇರೆ ಕಚೇರಿಗಳಲ್ಲಿ ಒಂಬತ್ತು ವರ್ಷ ಕೀಲಿಮಣೆಯ ಮೇಲೆಯೇ ಬೆರಳಾಡಿಸಿ ನನ್ನ ಕೈಬರಹ ಪೂರ್ತಿ ಕೆಟ್ಟಿದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿವೆ. ಅಲ್ಪಪ್ರಾಣ, ಮಹಾಪ್ರಾಣಗಳ ವಿಷಯದಲ್ಲಿ ಶಾಲೆಯ ದಿನಗಳಿಂದಲೂ ನನಗೆ ಅನುಮಾನ. ಇದುವರೆಗೆ ನಾನು ಬರೆದಿರುವುದು ಕಚೇರಿಯ ಪತ್ರಗಳನ್ನು ಮತ್ತು ಈ ಕೆಳಗೆ ವಿವರಿಸಲಿರುವ ಸಹಾಯ-ಪಠ್ಯಗಳನ್ನು ಮಾತ್ರ. ಹೀಗಾಗಿ ಈ ಬರಹವೂ ಒಂದು ಪತ್ರದ ಹಾಗೆ ಕಂಡರೆ ಮನ್ನಿಸಬೇಕಾಗಿ ವಿನಂತಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ನಾನು ಶಹಾಪುರದ ಸಮೀಪದ ಒಂದು ಕಾಲುವೆ ಕಚೇರಿಯಲ್ಲಿ ಗುತ್ತಿಗೆ ಆಧಾರದ ಮೇಲೆ ಕಂಪ್ಯೂಟರ್ ಕೆಲಸಕ್ಕಿದ್ದೆ. ನನ್ನ ಊರು ರಾಮಸಮುದ್ರ. ದಿನವೂ ಯಾದಗಿರಿಗೆ ಬಂದು ಅಲ್ಲಿಂದ ಶಹಾಪುರದ ಬಸ್ಸು ಹಿಡಿಯುತ್ತಿದ್ದೆ. ಕಚೇರಿಯ ಹಿಂಬದಿಯ ಕೊಠಡಿಯಲ್ಲಿ ಒಂದು ಸರ್ವರ್ ಇತ್ತು. ಕಾಲುವೆ, ಉಪಕಾಲುವೆಗಳ ಮೇಲಿನ ಗೇಜುಗಳು, ಅಂದರೆ ನೀರಿನ ಮಟ್ಟ ಅಳೆಯುವ ಉಪಕರಣಗಳು, ನಿಮಿಷಕ್ಕೊಮ್ಮೆ ತಮ್ಮ ಅಂಕಿಯನ್ನು ಆ ಸರ್ವರಿಗೆ ಕಳುಹಿಸುತ್ತಿದ್ದವು. ಸರ್ವರ್ ತನ್ನ ಸ್ವಂತ ಆರೋಗ್ಯದ ಅಂಕಿಗಳನ್ನೂ ಅದೇ ಪರದೆಯ ಮೇಲೆ ತೋರಿಸುತ್ತಿತ್ತು. ಎಷ್ಟು ಹೊರೆ ಇದೆ, ಮೆಮೊರಿ ಎಷ್ಟು ಖಾಲಿ ಇದೆ, ಡಿಸ್ಕು ಎಷ್ಟು ತುಂಬಿದೆ ಎಂಬಂಥವು. ಎಲ್ಲ ಸೇರಿ ನೂರಕ್ಕಿಂತ ಹೆಚ್ಚು ಅಂಕಿಗಳು ಒಂದು ಗೋಡೆಯಷ್ಟು ಅಗಲದ ಪರದೆಯಲ್ಲಿ ಹಗಲೆಲ್ಲ ಕದಲುತ್ತಿದ್ದವು.

ಪರದೆಯ ಮುಂದೆ ಕೂಡುತ್ತಿದ್ದವರು ಸುರಪುರದ ಕಡೆಯ ಒಬ್ಬ ಆಪರೇಟರು, ನನಗಿಂತ ಎರಡು ವರ್ಷ ಚಿಕ್ಕವರು. ಯಾವುದಾದರೂ ಅಂಕಿ ಕೆಂಪಾದರೆ ಅದರ ಮೇಲೆ ನಿಂತು ಪ್ರಶ್ನಾರ್ಥಕ ಚಿಹ್ನೆಯ ಕೀಲಿ ಒತ್ತಬೇಕು. ಆಗ ಆ ಅಂಕಿ ಏನು, ಏರಿದರೆ ಏನು ಅರ್ಥ, ಏನು ಮಾಡಬೇಕು ಎಂಬ ವಿವರಣೆ ಕಾಣುತ್ತದೆ. ಅದನ್ನೇ ಸಹಾಯ-ಪಠ್ಯ ಎನ್ನುವುದು. ಅದೆಲ್ಲ ಇಂಗ್ಲಿಷಿನಲ್ಲಿತ್ತು. ಆಪರೇಟರು ಓದದೆ ಕೀಲಿ ಒತ್ತಿ ಮುಚ್ಚಿಬಿಡುತ್ತಿದ್ದರು. ಆ ಕಾರಣ ಎಲ್ಲ ವಿವರಣೆಗಳನ್ನೂ ಕನ್ನಡದಲ್ಲಿ ಬರೆದು ಅಳವಡಿಸತಕ್ಕದ್ದೆಂದು ನನಗೆ ಆದೇಶವಾಯಿತು.

ಕೆಲಸದ ವಿಧಾನ ಹೀಗಿತ್ತು. ಒಂದು ಸಾದಾ ಫೈಲಿನಲ್ಲಿ ಪ್ರತಿ ಅಂಕಿಗೂ ಒಂದು ನಮೂದು ಬರೆಯಬೇಕು. ನಮೂದಿನ ಮೊದಲ ಸಾಲು @ ಗುರುತಿನಿಂದ ಆರಂಭವಾಗಬೇಕು, ಅದರ ಮುಂದೆ ಅಂಕಿಯ ಹೆಸರು, ಆಮೇಲೆ ಒಂದೇ ಸಾಲಿನ ಸಾರಾಂಶ. ಅದರ ಕೆಳಗೆ ಪೂರ್ಣ ವಿವರಣೆ. ಮುಂದಿನ @ ಬರುವವರೆಗೆ ಇರುವುದೆಲ್ಲ ಅದೇ ಅಂಕಿಗೆ ಸೇರಿದ್ದು. ಫೈಲು ಸಿದ್ಧವಾದ ಮೇಲೆ ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಟೈಪು ಮಾಡಬೇಕು. ಆ ಕಮಾಂಡು ನನ್ನ ಫೈಲನ್ನು ಓದಿ ಎರಡು ಫೈಲು ಕಟ್ಟಿ ಕೊಡುತ್ತದೆ. ಒಂದು ಯಾವ ವಿವರಣೆ ಎಲ್ಲಿದೆ ಎಂಬ ಸೂಚಿ, ಇನ್ನೊಂದು ವಿವರಣೆಗಳ ಪುಟಗಳು. ಕಟ್ಟುವಾಗ ಪ್ರತಿ ಅಂಕಿಯ ಹೆಸರನ್ನೂ ಅದು ಒಂದೊಂದೇ ಸಾಲಾಗಿ ತೋರಿಸುತ್ತಾ ಹೋಗುತ್ತದೆ. ನೂರಕ್ಕೂ ಹೆಚ್ಚು ಸಾಲುಗಳು ಕಣ್ಣ ಮುಂದೆ ಓಡಿ, ಕೊನೆಗೆ ಮೌನ. ಮೌನವೆಂದರೆ ಕೆಲಸ ಆಯಿತೆಂದು ನಾನು ತಿಳಿದಿದ್ದೆ.

ಮೊದಲ ಬಾರಿ ಕಟ್ಟಿದಾಗ ಅರ್ಧದಷ್ಟು ಸಾರಾಂಶಗಳು ಕೊನೆಯಲ್ಲಿ ಕಪ್ಪು ಚೌಕಗಳಾಗಿ ಬಂದವು. ಎರಡು ದಿನ ಹುಡುಕಿದ ಮೇಲೆ ಕಾರಣ ತಿಳಿಯಿತು. ಸಾರಾಂಶದ ಸಾಲಿಗೆ ಕಮಾಂಡು ಕೊಡುವ ಜಾಗ ಇಂತಿಷ್ಟೇ. ಇಂಗ್ಲಿಷಿನ ಅಕ್ಷರ ಒಂದು ಜಾಗ ಹಿಡಿದರೆ ಕನ್ನಡದ್ದು ಮೂರು ಹಿಡಿಯುತ್ತದೆ, ಒತ್ತಕ್ಷರ ಬಂದರೆ ಒಂಬತ್ತು. ಜಾಗ ಮುಗಿದಲ್ಲಿ ಅಕ್ಷರದ ನಡುವೆಯೇ ಕಡಿಯುತ್ತದೆ. ಆದ್ದರಿಂದ ಎಲ್ಲ ಸಾರಾಂಶಗಳನ್ನೂ ನಾಲ್ಕೈದು ಪದಗಳಿಗೆ ಇಳಿಸಿದೆ. ಸರ್ವರಿನ ಹೊರೆಗೆ ‘ಯಂತ್ರದ ಮುಂದೆ ಕಾದಿರುವ ಕೆಲಸ’ ಎಂದು ಬರೆದೆ. ಅದನ್ನು ಓದಿ ಆಪರೇಟರು, ತಹಶೀಲ್ದಾರ್ ಕಚೇರಿಯ ಮುಂದಿನ ಸಾಲು ನೆನಪಾಯಿತೆಂದರು. ಆ ದಿನ ನನಗೆ ಸ್ವಲ್ಪ ಧೈರ್ಯ ಬಂತು.

ಸರ್ವರಿನ ಅಂಕಿಗಳು ಮುಗಿದು ಗೇಜುಗಳ ಸರದಿ ಬರುವ ಹೊತ್ತಿಗೆ ಬೇಸಿಗೆ. ಕಾಲುವೆಗೆ ನೀರು ಬಿಡುವುದು ನಿಂತಿತ್ತು. ಎಲ್ಲ ಗೇಜುಗಳೂ ಸೊನ್ನೆ ತೋರಿಸುತ್ತಿದ್ದವು. ಹದಿನೇಳನೆಯದು ಮಾತ್ರ ಹಾಗಿರಲಿಲ್ಲ.

ಹದಿನೇಳನೇ ಗೇಜು ಸುರಪುರದಿಂದ ಹುಣಸಗಿಗೆ ಹೋಗುವ ರಸ್ತೆಯ ಆಚೆ, ಒಂದು ಉಪಕಾಲುವೆಯ ದಂಡೆಯಲ್ಲಿದೆ. ಹೆಚ್ಚುಕಡಿಮೆ ದಿನವೂ ಮಧ್ಯಾಹ್ನ ಮೂರರ ಸುಮಾರಿಗೆ ಅದು ಸೊನ್ನೆಯಿಂದ ಎದ್ದು ಮೊಳಕ್ಕಿಂತ ಸ್ವಲ್ಪ ಕಡಿಮೆ ಏರಿ, ನಂತರ ಒಂದು ತಾಸಿನಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ಕಾಲುವೆಯಲ್ಲಿ ನೀರಿಲ್ಲ. ಹತ್ತಿರದಲ್ಲಿ ಮಳೆಯಿಲ್ಲ. ಆಪರೇಟರು ಇದಕ್ಕೆ ಒಗ್ಗಿಹೋಗಿದ್ದರು. ಮೂರಾದ ಕೂಡಲೇ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿ, “ಅಕ್ಕೋರ, ಹದಿನೇಳನೇ ನಂಬರಿನವರು ಹಾಜರಿ ಹಾಕ್ಯಾರ ನೋಡ್ರಿ. ನಮ್ಮಕಿಂತ ಟೈಮ್ ಬರೋಬ್ಬರಿ ಅದ” ಎನ್ನುತ್ತಿದ್ದರು.

ಉಪಕರಣ ಕೆಟ್ಟಿರಬೇಕೆಂದು ಹೊಸದನ್ನು ಹಾಕಿಸಲಾಯಿತು. ಮರುದಿನ ಮೂರಕ್ಕೆ ಹೊಸದೂ ಏರಿತು.

ಅದೇ ವಾರ ಆ ಉಪಕಾಲುವೆಯಲ್ಲಿ ಹೂಳು ತೆಗೆಯುವ ಕೆಲಸ ಆರಂಭವಾಗಿತ್ತು. ಹನ್ನೊಂದು ಜನ, ಹೆಚ್ಚಿನವರು ಹೆಂಗಸರು, ಗೇಜಿನಿಂದ ಕೆಳಗೆ ಕಾಲುವೆಯ ತಳದಲ್ಲಿಯೇ ಇಡೀ ದಿನ ಇರುತ್ತಿದ್ದರು. ಅಂಥಲ್ಲಿ ಏರುವ ಅಂಕಿಯ ವಿವರಣೆಯಲ್ಲಿ ಏನು ಬರೆಯಬೇಕೆಂದು ನಾನು ನಮ್ಮ ಇಂಜಿನಿಯರ್ ಸಾಹೇಬರನ್ನು ಕೇಳಿದೆ. ಅವರು ಕೆಟ್ಟವರಲ್ಲ, ಕೆಲಸದ ಒತ್ತಡದಲ್ಲಿದ್ದರು. “ಖಾಲಿ ಕಾಲುವ್ಯಾಗ ನೀರ ಏರಾಕತ್ತದ ಅಂತ ಯಾರ ಮುಂದ ಹೇಳ್ಲಿ ಬಾಯಾರ? ಬಂದ್ ಇದ್ದಾಗ ಅದನ್ನ ನೋಡಬ್ಯಾಡ್ರಿ ಅಂತ ಬರೀರಿ, ಮುಗೀತು” ಎಂದರು.

ಅದರಂತೆ ಬರೆದೆ. ಮೊದಲನೆಯ ವಿವರಣೆಯ ನಕಲು ಹೀಗಿದೆ: ‘ಕಾಲುವೆ ಬಂದಾಗಿರುವ ಅವಧಿಯಲ್ಲಿ ಈ ಅಂಕಿಯ ಏರಿಕೆಯನ್ನು ಗಣನೆಗೆ ತೆಗೆದುಕೊಳ್ಳತಕ್ಕದ್ದಲ್ಲ.’ ಕಟ್ಟಿದೆ, ಅಳವಡಿಸಿದೆ, ಸಾಹೇಬರ ಸಹಿ ಪಡೆದೆ. ಆಪರೇಟರು ಮೂರು ಗಂಟೆಗೆ ಕೀಲಿ ಒತ್ತಿ ನನ್ನ ಸಾಲನ್ನು ಗಟ್ಟಿಯಾಗಿ ಓದಿ, ಹದಿನೇಳನೇ ನಂಬರಿನವರಿಗೆ ಕೈಮುಗಿದು, ಚಹಾ ತರಲು ಹೋದರು.

ಅವರು ಹೋದ ಮೇಲೆ ಕೊಠಡಿಯಲ್ಲಿ ನಾನೊಬ್ಬಳೇ. ಗೋಡೆಯ ಕೂಲರು ಗುಂಯ್ ಎನ್ನುತ್ತಿತ್ತು. ನಾನು ಆ ಅಂಕಿಯ ಗ್ರಾಫನ್ನು ದೊಡ್ಡದು ಮಾಡಿ ನೋಡಿದೆ. ದೂರದಿಂದ ಗುಡ್ಡದಂತೆ ಕಾಣುತ್ತಿದ್ದದ್ದು ಹತ್ತಿರದಿಂದ ಗುಡ್ಡವಾಗಿರಲಿಲ್ಲ. ಮೆಟ್ಟಿಲಾಗಿತ್ತು. ಒಂದು ಏರು, ನಾಲ್ಕೈದು ನಿಮಿಷ ಸಮ. ಮತ್ತೊಂದು ಏರು, ಮತ್ತೆ ಸಮ. ಒಟ್ಟು ನಾಲ್ಕು. ಹಿಂದಿನ ದಿನದ್ದು ತೆಗೆದೆ, ನಾಲ್ಕು. ಅದರ ಹಿಂದಿನದು, ನಾಲ್ಕು. ಕೆಟ್ಟ ಉಪಕರಣ ಎಣಿಸುವುದಿಲ್ಲ. ಎಣಿಸುವವರು ಬೇರೆ ಯಾರೋ ಅಲ್ಲಿದ್ದಾರೆಂದು ತಿಳಿದ ಕೂಡಲೇ ನಾನು ಗ್ರಾಫನ್ನು ಮುಚ್ಚಿಬಿಟ್ಟೆ. ಏಕೆ ಮುಚ್ಚಿದೆನೆಂದು ಈಗಲೂ ಹೇಳಲಾರೆ.

ಮೂರು ದಿನ ಸುಮ್ಮನಿದ್ದೆ. ‘ಗಣನೆಗೆ ತೆಗೆದುಕೊಳ್ಳತಕ್ಕದ್ದಲ್ಲ’ ಎಂಬ ಪದಗಳು ಬಸ್ಸಿನಲ್ಲಿಯೂ ನೆನಪಾಗುತ್ತಿದ್ದವು. ಅದರಡಿ ಸಹಿ ಸಾಹೇಬರದಾದರೂ ವಾಕ್ಯ ನನ್ನದು. ನಾಲ್ಕನೆಯ ದಿನ, ಬುಧವಾರ, ಅರ್ಧ ದಿನದ ರಜೆ ಬರೆದುಕೊಟ್ಟು ಸುರಪುರಕ್ಕೆ ಹೋದೆ. ಅಲ್ಲಿಂದ ಹುಣಸಗಿಯ ಬಸ್ಸಿನಲ್ಲಿ ಕುಳಿತು ಕಾಲುವೆಯ ಸೇತುವೆಯ ಬಳಿ ಇಳಿದೆ. ಕಂಡಕ್ಟರು, ಈ ಬಿಸಿಲಲ್ಲಿ ಇಲ್ಲೇಕೆ ಇಳಿಯುತ್ತೀರೆಂದು ಕೇಳಿದರು. ಕಚೇರಿ ಕೆಲಸ ಎಂದೆ.

ದಂಡೆಯ ಮೇಲೆ ಎರಡು ಫರ್ಲಾಂಗು ನಡೆಯಬೇಕು. ಕಾಲುವೆಯ ತಳ ಒಣಗಿ ಹೆಂಚಿನಂತೆ ಒಡೆದಿತ್ತು. ಬಿರುಕುಗಳಲ್ಲಿ ಸಣ್ಣ ಮೀನುಗಳ ಮುಳ್ಳು ಬೆಳ್ಳಗೆ ಕಾಣುತ್ತಿತ್ತು. ದೂರ ಕೆಳಗೆ ಹೂಳು ತೆಗೆಯುವವರು ಚುಕ್ಕೆಗಳಂತೆ ಕಾಣುತ್ತಿದ್ದರು, ಅವರ ಮಾತು ಇಲ್ಲಿಗೆ ಕೇಳುತ್ತಿರಲಿಲ್ಲ. ಎರಡೂ ಕಡೆಯ ಭತ್ತದ ಗದ್ದೆಗಳು ಕೊಯ್ಲಾಗಿ ಬೋಳಾಗಿದ್ದವು. ಒಂದು ಹಕ್ಕಿಯೂ ಇರಲಿಲ್ಲ.

ಗೇಜನ್ನು ಕಾಲುವೆಯೊಳಗೆ ಇಡುವುದಿಲ್ಲ. ದಂಡೆಯಲ್ಲಿ ಒಂದಾಳು ಆಳದ ಒಂದು ಸಣ್ಣ ಸಿಮೆಂಟಿನ ಬಾವಿ ಕಟ್ಟಿ, ಕಾಲುವೆಗೂ ಅದಕ್ಕೂ ಒಂದು ಕೊಳವೆ ಕೂಡಿಸಿರುತ್ತಾರೆ. ಕಾಲುವೆಯಲ್ಲಿ ಎಷ್ಟು ನೀರೋ ಬಾವಿಯಲ್ಲಿಯೂ ಅಷ್ಟೇ, ಅಲೆಯಿಲ್ಲದೆ. ಉಪಕರಣ ಆ ಬಾವಿಯಲ್ಲಿ ತೂಗುಬಿದ್ದಿರುತ್ತದೆ. ನಾನು ತಲುಪಿದಾಗ ಮೂರಕ್ಕೆ ಹತ್ತು ನಿಮಿಷ. ಸುತ್ತ ಎಲ್ಲ ಒಣಗಿತ್ತು. ಬಾವಿಯ ಬಾಯಿ ಮಾತ್ರ ಹಸಿಯಾಗಿ, ಅಂಚಿನಲ್ಲಿ ಪಾಚಿ ಕಟ್ಟಿತ್ತು. ಮುಚ್ಚಳದ ಸಂದಿಗೆ ಕಿವಿಯಿಟ್ಟೆ. ಒಳಗೆ ಹನಿ ಬೀಳುವ ಸದ್ದು. ತಣ್ಣನೆಯ ಗಾಳಿ ಕೆನ್ನೆಗೆ ತಾಗಿತು. ಯಾರೋ ಒಳಗೆ ಉಸಿರು ಬಿಟ್ಟಂತಾಯಿತು. ನಾನು ಹಿಂದಕ್ಕೆ ಸರಿದು ದಂಡೆಯ ಮೇಲೆ ಕುಳಿತೆ.

ಮೂರಕ್ಕೆ ಸರಿಯಾಗಿ ದಂಡೆಯ ಆಚೆಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಕೊಡ ಹೊತ್ತು ಬಂದರು. ಅರವತ್ತರ ಆಸುಪಾಸು. ನನ್ನನ್ನು ನೋಡಿ ನಿಲ್ಲಲಿಲ್ಲ. ಮುಚ್ಚಳ ಸರಿಸಿ ಕೊಡದ ನೀರನ್ನು ನಿಧಾನವಾಗಿ ಬಾವಿಗೆ ಸುರಿದು, ಮತ್ತೆ ಕೊಡ ಹೊತ್ತು ಹೋದರು. ಹತ್ತಿರದ ಕೈಪಂಪಿನಿಂದ ತುಂಬಿ ತರುತ್ತಿದ್ದರು. ನಾಲ್ಕು ಸಲ ಬಂದರು. ನಾಲ್ಕನೆಯ ಕೊಡ ಸುರಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಮುಂದೆ ಕುಳಿತರು.

“ಆಫೀಸಿನ್ಯಾರೇನ್ರಿ?” ಎಂದರು.

ಹೌದೆಂದೆ.

“ನಾ ಹಾಕೂದು ನಿಮಗ ಕಾಣತದೇನ್ರಿ ಅಲ್ಲಿ?”

ದಿನವೂ ಕಾಣುತ್ತದೆ, ನಾಲ್ಕು ಕೊಡವೂ ಕಾಣುತ್ತವೆ ಎಂದು ಹೇಳಿದೆ. ಸಂತೋಷಪಡುತ್ತಾರೆಂದು ತಿಳಿದಿದ್ದೆ. ಅವರು ಬಾವಿಯ ಮುಚ್ಚಳವನ್ನು ಎಳೆದು ಮುಚ್ಚಿದರು.

“ಹಂಗಾರ ಮಿಷಿನ್ ಕೆಟ್ಟಿದ್ದಿಲ್ಲ” ಎಂದರು.

ಆಮೇಲೆ ಅವರು ಹೇಳಿದ್ದನ್ನು ಸಂಕ್ಷಿಪ್ತವಾಗಿ ಬರೆಯುತ್ತೇನೆ. ಅವರ ಯಜಮಾನರು ಇಪ್ಪತ್ತು ವರ್ಷ, ಈ ಉಪಕಾಲುವೆಗೆ ನೀರು ಬಿಡುವ ಮೇಲಿನ ಗೇಟಿನ ಕೆಲಸದಲ್ಲಿದ್ದರು. ಎರಡು ವರ್ಷದ ಹಿಂದೆ ಒಂದು ದಿನ ಗೇಟು ಎತ್ತುತ್ತಿರುವಾಗ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆಯೇ ಬಿದ್ದರು. ಗೇಟು ಎತ್ತಿದಲ್ಲಿಯೇ ನಿಂತು ಎರಡು ತಾಸು ಕಾಲುವೆ ತುಂಬಿ ಹರಿಯಿತು. ನೀರು ಮಿತಿ ಮೀರಿದರೆ ಆಫೀಸಿನಲ್ಲಿ ಅಂಕಿ ಕೆಂಪಾಗುತ್ತದೆ, ಕೂಡಲೇ ಜೀಪು ಬರುತ್ತದೆ ಎಂದು ಅವರೇ ಹೆಂಡತಿಗೆ ಎಷ್ಟೋ ಸಲ ಹೇಳಿದ್ದರು. ಯಾರೂ ಬರಲಿಲ್ಲ. ಸಂಜೆ ಬುತ್ತಿ ತಂದಾಗ ಈಕೆಯೇ ನೋಡಿದ್ದು. ಅಂದಿನಿಂದ ಕಾಲುವೆ ಬಂದಾದಾಗಲೆಲ್ಲ, ಅವರು ಬಿದ್ದ ಹೊತ್ತಿಗೆ, ಬಾವಿಗೆ ನೀರು ಹಾಕಿ, ಯಾರಾದರೂ ಬರುತ್ತಾರೇನೋ ಎಂದು ನೋಡುತ್ತಾರೆ. ಮಿಷಿನ್ ಕೆಟ್ಟಿದ್ದರಿಂದ ಯಾರೂ ಬರಲಿಲ್ಲವೆಂದು ಗೊತ್ತಾದರೆ ಮನಸ್ಸಿಗೆ ಸಮಾಧಾನ ಎಂದುಕೊಂಡಿದ್ದರು.

ನಾನು ಆ ದಿನ ಕಚೇರಿಯಲ್ಲಿ ಇರಲಿಲ್ಲ, ಆ ಕೆಲಸಕ್ಕೆ ಇನ್ನೂ ಸೇರಿಯೂ ಇರಲಿಲ್ಲ ಎಂದು ಹೇಳಬೇಕೆಂದಿತ್ತು. ಅದನ್ನು ಬಿಟ್ಟು, ದಿನವೂ ತಪ್ಪದೆ ಬರುತ್ತೀರಾ ಎಂದು ಕೇಳಿದೆ. ಸೋಮವಾರ ಒಪ್ಪತ್ತು ಇದ್ದು ಸುರಪುರದ ಗುಡಿಗೆ ಹೋಗುವುದರಿಂದ ಅಂದು ಬರುವುದಿಲ್ಲ ಎಂದರು. ಕೆಳಗೆ ಹೂಳು ತೆಗೆಯುವವರಲ್ಲಿ ಅವರ ಸೊಸೆಯೂ ಇದ್ದಳು. ಅತ್ತ ಕೈ ತೋರಿಸಿ ಇನ್ನೊಂದು ಮಾತು ಹೇಳಿದರು.

“ಅಂವ ಇದ್ದಾಗ ಕಾಲುವ್ಯಾಗ ಇಳಿಯಾಕ ಅಂಜಿಕಿ ಇದ್ದಿಲ್ಲ ಯವ್ವಾ. ಒಮ್ಮಿಗೇ ಗೇಟ್ ಎತ್ತತಿದ್ದಿಲ್ಲ ಅಂವ. ಮೊದಲ ಒಂದ ಬೆರಳ ಎತ್ತಿ ಕುಂತು, ಎಲಿ-ಅಡಕಿ ಹಾಕ್ಕೊಂಡು ತಿಂದು ಮುಗಿಸತಿದ್ದ. ತಳದಾಗ ಮಂದಿ ಕಾಲ ಹಸೀ ಆಗಿ ಎದ್ದ ಹೋಗ್ಲಿ ಅಂತ. ಆ ನೀರಿಗಿ ಚೀಟಿ ಅಂತಿದ್ದ. ಚೀಟಿ ಮುಟ್ಟಿದ ಮ್ಯಾಲ ಉಳಿದದ್ದು.”

ಈಗಿನ ಗೇಟಿಗೆ ಮೋಟರು ಇದೆ. ಗುಂಡಿ ಒತ್ತಿದರೆ ಒಂದೇ ಸಲ ಪೂರ್ತಿ ಏಳುತ್ತದೆ. ಅದಕ್ಕೆ ಎಲೆ-ಅಡಿಕೆಯ ಅಭ್ಯಾಸವಿಲ್ಲ.

ಕಚೇರಿಗೆ ಮರಳಿ ಹಳೆಯ ಸೋಮವಾರಗಳ ಗ್ರಾಫು ತೆಗೆದೆ. ಎಲ್ಲ ಸೋಮವಾರಗಳೂ ನೆಟ್ಟಗೆ ಸೊನ್ನೆ. ಪಕ್ಕದಿಂದ ನೋಡಿದ ಆಪರೇಟರು, ಸೋಮವಾರ ಇವರಿಗೆ ರಜೆ ಎಂದು ನಕ್ಕರು. ಆಕೆ ಹೇಳಿದ್ದು ಸತ್ಯ. ಅಲ್ಲಿಗೆ ನನ್ನ ಭಯವೂ ಮುಗಿದಿರಬೇಕಿತ್ತು. ಅಂಕಿಯ ಕಾರಣ ತಿಳಿಯಿತು, ಅದೊಬ್ಬ ವಿಧವೆಯ ನಾಲ್ಕು ಕೊಡ. ಆದರೆ ನನ್ನ ವಾಕ್ಯ ತಪ್ಪಾಗಿತ್ತು. ನಿಜವಾದ ನೀರು ಬಂದರೂ ಅದು ಗಣನೆಗೆ ತೆಗೆದುಕೊಳ್ಳಬೇಡಿ ಎಂದೇ ಹೇಳುತ್ತದೆ, ತಳದಲ್ಲಿ ಹನ್ನೊಂದು ಜನ. ಹಾಗೆಂದು ಆಕೆಯ ಹೆಸರು ಬರೆದರೆ ಸರ್ಕಾರಿ ಉಪಕರಣಕ್ಕೆ ಕೈ ಹಾಕಿದ ಆರೋಪ ಬರುತ್ತದೆ. ಶನಿವಾರದವರೆಗೆ ಯೋಚಿಸಿ ಎರಡನೆಯ ವಿವರಣೆ ಬರೆದೆ: ‘ಮಧ್ಯಾಹ್ನ ಮೂರರ ಸುಮಾರಿಗೆ ನಾಲ್ಕು ಹಂತಗಳಲ್ಲಿ ಆಗುವ ಏರಿಕೆ ಸ್ಥಳೀಯ ಕಾರಣದ್ದು. ಬೇರೆ ಯಾವುದೇ ಹೊತ್ತಿನ ಅಥವಾ ಬೇರೆ ರೀತಿಯ ಏರಿಕೆ ಕಂಡಲ್ಲಿ ಕೂಡಲೇ ಸ್ಥಳಕ್ಕೆ ತಿಳಿಸತಕ್ಕದ್ದು.’

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದನ್ನು ಮರೆಮಾಚದೆ ಬರೆಯುತ್ತೇನೆ. ಕಚೇರಿಯ ಕಡತದಲ್ಲಿ ಹಳೆಯ ಟಿಪ್ಪಣಿಯನ್ನು ಯಾರೂ ಹರಿದು ತೆಗೆಯುವುದಿಲ್ಲ. ಅದರ ಕೆಳಗೆ ಹೊಸದನ್ನು ಬರೆದು ದಿನಾಂಕ ಹಾಕುತ್ತೇವೆ, ಕೆಳಗಿನದೇ ಜಾರಿಯಲ್ಲಿರುತ್ತದೆ. ಸಾಹೇಬರು ಸಹಿ ಮಾಡಿದ ವಾಕ್ಯವನ್ನು ಅಳಿಸಲು ನನ್ನ ಕೈ ಬರಲಿಲ್ಲ. ಹಳೆಯ ನಮೂದನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ ಅದೇ ಹೆಸರಿನಲ್ಲಿ ಹೊಸ ನಮೂದು ಸೇರಿಸಿ, ಕಮಾಂಡು ಓಡಿಸಿದೆ. ಸಾಲುಗಳು ಓಡಿದವು. ಮೌನ. ಬಸ್ಸಿನ ಹೊತ್ತಾಗಿತ್ತು, ಪರದೆಯಲ್ಲಿ ತೆರೆದು ನೋಡದೆ ಮನೆಗೆ ಹೋದೆ.

ಸೋಮವಾರ. ಬೆಳಿಗ್ಗೆ ಹನ್ನೊಂದು ಗಂಟೆ ದಾಟಿ ಹತ್ತು ನಿಮಿಷ. ಆಪರೇಟರು ಕೂಗಿದರು.

“ಅಕ್ಕೋರ, ಇವತ್ತು ಸೋಮವಾರ, ಇವರ ರಜಾ ಅಲ್ಲೇನು? ಮುಂಜಾನಿನ ಬಂದ ಕುಂತಾರ ನೋಡ್ರಿ.”

ನಾನು ಬಂದು ನೋಡಿದೆ. ಹದಿನೇಳನೆಯ ಅಂಕಿ ಒಂದು ಬೆರಳಿನಷ್ಟು ಎದ್ದು ನಿಂತಿತ್ತು. ಮೆಟ್ಟಿಲಿಲ್ಲ. ಒಂದು ಏರು, ಆಮೇಲೆ ನೆಟ್ಟಗೆ ಗೀಟು ಎಳೆದಂತೆ ಸಮ. ನಿಮಿಷ ಕಳೆಯಿತು, ಇನ್ನೊಂದು ಕಳೆಯಿತು. ಇಳಿಯಲಿಲ್ಲ, ಏರಲಿಲ್ಲ. ಕಾದಿತ್ತು. ಆಪರೇಟರು ಅಭ್ಯಾಸದಂತೆ ಕೀಲಿ ಒತ್ತಿದರು. ಪರದೆಯಲ್ಲಿ ಬಂದದ್ದು ನನ್ನ ಮೊದಲನೆಯ ವಾಕ್ಯ. ಗಣನೆಗೆ ತೆಗೆದುಕೊಳ್ಳತಕ್ಕದ್ದಲ್ಲ. ಅವರು ಅದನ್ನು ಓದಿ ಪರದೆ ಮುಚ್ಚಿ ಚಹಾದ ಲೋಟ ತೆಗೆದುಕೊಂಡರು.

ಸ್ಥಳಕ್ಕೆ ಆದೇಶ ಕೊಡುವ ಅಧಿಕಾರ ಸಾಹೇಬರಿಗೆ ಮಾತ್ರ. ಅವರು ಯಾದಗಿರಿಯಲ್ಲಿ ಸಭೆಯಲ್ಲಿದ್ದರು. ಎರಡು ಸಲ ಕರೆ ಮಾಡಿದೆ, ಎತ್ತಲಿಲ್ಲ. ಗುತ್ತಿಗೆ ನೌಕರಳಾದ ನಾನು, ಯಾವ ಲಿಖಿತ ಆದೇಶವೂ ಇಲ್ಲದೆ, ಯಾರದೋ ಎಲೆ-ಅಡಿಕೆಯ ನೆನಪಿನಿಂದ ಕೆಲಸ ನಿಲ್ಲಿಸಿದೆನೆಂದು ತಿಳಿದರೆ ಮರುದಿನ ಬರಬೇಕಾಗಿರಲಿಲ್ಲ. ಗೋಡೆಯ ಪಟ್ಟಿಯಲ್ಲಿ ಹೂಳಿನ ಕೆಲಸದ ಮೇಸ್ತ್ರಿಯ ನಂಬರು ಇತ್ತು. ಅದನ್ನು ಒತ್ತಿದೆ.

ಮಂದಿಯನ್ನು ಮೇಲೆ ಕರೆಯಿರಿ ಎಂದೆ. ಮೇಸ್ತ್ರಿ, ಚಹಾ ಮುಗಿಸಿ ಈಗಷ್ಟೇ ಕೈ ಹಚ್ಚಿದ್ದಾರೆ, ಇದು ಯಾರ ಆರ್ಡರು ಎಂದು ಕೇಳಿದರು.

“ಆಫೀಸಿನಿಂದ ಮಾತಾಡಾಕತ್ತೀನ್ರಿ. ಆರ್ಡರ್ ಹಿಂದಿಂದ ಬರ್ತದ. ಸಾಮಾನ ಅಲ್ಲೇ ಇರ್ಲಿ, ಮಂದಿನ್ನ ಮೊದಲ ಮ್ಯಾಲ ಕರಸ್ರಿ.”

ನನ್ನ ಧ್ವನಿ ನನಗೇ ಪರಿಚಯವಿರಲಿಲ್ಲ. ಮೇಸ್ತ್ರಿ ಏನೋ ಗೊಣಗಿದರು, ಆದರೆ ಕೂಗುತ್ತಾ ಹೋದದ್ದು ಫೋನಿನಲ್ಲಿ ಕೇಳಿಸಿತು.

ಆಮೇಲೆ ನಾವಿಬ್ಬರೂ ಪರದೆಯ ಮುಂದೆ ನಿಂತೆವು. ಆಪರೇಟರು ಇನ್ನು ತಮಾಷೆ ಮಾಡಲಿಲ್ಲ. ಗೀಟು ಸಮನಾಗಿಯೇ ಇತ್ತು. ನನಗೆ ಯಾರೋ ಎಲ್ಲಿಯೋ ಕುಳಿತು ಅವಸರವಿಲ್ಲದೆ ಅಗಿಯುತ್ತಿರುವಂತೆ ಅನಿಸಿತು. ಮನಸ್ಸಿಗೆ ಬಂದದ್ದು ಅದು, ಬಂದಂತೆಯೇ ಬರೆದಿದ್ದೇನೆ.

ಏರಿದ ಹತ್ತೊಂಬತ್ತನೆಯ ನಿಮಿಷಕ್ಕೆ ಗೀಟು ಗೋಡೆಯಂತೆ ಎದ್ದು ನಿಂತಿತು. ಮೊಳ, ಮಾರು, ಆಳು. ಅಂಕಿ ಕೆಂಪಾಯಿತು.

ಸ್ವಲ್ಪ ಹೊತ್ತಿನಲ್ಲಿ ಮೇಸ್ತ್ರಿಯ ಫೋನು ಬಂತು. ಹಿಂದೆ ನೀರಿನ ಸದ್ದು, ಹೆಂಗಸರ ದನಿ. “ಸಲಿಕಿ, ಬುಟ್ಟಿ ಎಲ್ಲಾ ಹೋದ್ವು ರಿ. ಮಂದಿ ಅದಾರ. ಹನ್ನೊಂದೂ ಮಂದಿ ಅದಾರ” ಎಂದರು. ಮತ್ತೊಮ್ಮೆ ಎಣಿಸಿರಿ ಎಂದೆ. ಎಣಿಸಿದರು. ಆಪರೇಟರು ಕುರ್ಚಿಯ ಮೇಲೆ ಕುಳಿತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ವಿಚಾರಣೆಯಲ್ಲಿ ತಿಳಿದದ್ದು ಇಷ್ಟು. ಮೇಲಿನ ಗೇಟಿನ ಮೋಟರನ್ನು ಪರೀಕ್ಷಿಸಲು ಬಂದವರು, ಕೆಳಗೆ ಕೆಲಸ ನಡೆದಿರುವುದು ಗೊತ್ತಿಲ್ಲದೆ, ಡಂಗುರ ಸಾರಿಸದೆ ಗುಂಡಿ ಒತ್ತಿದ್ದರು. ಗೇಟಿನ ಹಿಂದೆ ನಿಂತಿದ್ದ ನೀರೆಲ್ಲ ಒಮ್ಮೆಗೇ ಹೊರಬಿತ್ತು. ಅವರು ಒತ್ತಿದ ಸಮಯ ಯಂತ್ರದಲ್ಲಿ ದಾಖಲಾಗಿದೆ. ಅದು ಬೆರಳಿನಷ್ಟು ನೀರು ಗೇಜಿಗೆ ಮುಟ್ಟಿದ ಎಷ್ಟೋ ನಿಮಿಷಗಳ ನಂತರದ್ದು. ಅದಕ್ಕಿಂತ ಮೊದಲು ಗೇಟನ್ನು ಯಾರೂ ಮುಟ್ಟಿಲ್ಲ, ಅವರ ಜೀಪು ಇನ್ನೂ ರಸ್ತೆಯಲ್ಲಿತ್ತು. ಕಡತದಲ್ಲಿ ಮೊದಲಿನ ಏರಿಕೆಯನ್ನು ‘ಉಪಕರಣದ ದೋಷ’ ಎಂದು ನಮೂದಿಸಿ ಮುಕ್ತಾಯಗೊಳಿಸಲಾಗಿದೆ. ಅದನ್ನು ಟೈಪು ಮಾಡಿದವಳೂ ನಾನೇ. ಸಾಹೇಬರು ನನ್ನನ್ನು ಬೈಯಲಿಲ್ಲ. ಜನರನ್ನು ಮೇಲೆ ಕರೆಯಬೇಕೆಂದು ಆ ಸೋಮವಾರದ ತಾರೀಖಿಗೆ ಒಂದು ಆದೇಶ ಬರೆದು ಸಹಿ ಮಾಡಿ, ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಕಮಾಂಡು ಏಕೆ ನನ್ನ ಹೊಸ ವಾಕ್ಯವನ್ನು ತೆಗೆದುಕೊಳ್ಳಲಿಲ್ಲವೆಂದು ಆ ಸೋಮವಾರ ಸಂಜೆಯೇ ನೋಡಿದೆ. ಒಂದೇ ಹೆಸರು ಎರಡು ಸಲ ಬಂದರೆ ಅದು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತದೆ. ಬಿಟ್ಟಿದ್ದೇನೆಂದು ಒಂದು ಸಾಲಿನಲ್ಲಿ ಹೇಳುತ್ತದೆ ಕೂಡ. ನೂರು ಸಾಲುಗಳ ನಡುವೆ ಆ ಸಾಲು ಓಡಿಹೋಗಿತ್ತು. ನಾನು ಕೊನೆಯ ಮೌನವನ್ನು ಮಾತ್ರ ಕೇಳಿದ್ದೆ.

ಗುರುವಾರ ಮತ್ತೆ ಹುಣಸಗಿಯ ಬಸ್ಸು ಹತ್ತಿದೆ. ಮೂರು ಗಂಟೆಗೆ ಆಕೆ ಬಾವಿಯ ಬಳಿ ಕೊಡವಿಲ್ಲದೆ ಕುಳಿತಿದ್ದರು. ಸೋಮವಾರ ಗುಡಿಯಲ್ಲಿದ್ದೆ, ಮಧ್ಯಾಹ್ನ ದಾಟಿದ ಮೇಲೆ ಬಂದೆ ಎಂದರು. ಪರದೆಯಲ್ಲಿ ಏನು ಕಂಡಿತೆಂದು ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. ಮೇಸ್ತ್ರಿ ಕೂಗುವ ಸ್ವಲ್ಪ ಮುಂಚೆ ಸೊಸೆಯ ಕಾಲಡಿಯ ಹೂಳು ಹಸಿಯಾಗಿತ್ತಂತೆ. ಬಿರುಕುಗಳಲ್ಲಿ ಬೆರಳಿನಿಂದ ಎಳೆದಂತೆ ಸಣ್ಣಗೆ ನೀರು ಬಂದಿತ್ತಂತೆ. ಅವಳು ಅದನ್ನು ನೋಡಿ, ಇದೇನು ಎಂದು ಬಗ್ಗಿದ್ದಳಂತೆ.

ನಾನು ಗ್ರಾಫಿನ ಒಂದು ಪ್ರತಿಯನ್ನು ಮಡಚಿ ತಂದಿದ್ದೆ. ತೋರಿಸಿದೆ. ಅವರಿಗೆ ಓದು ಬರುವುದಿಲ್ಲ. ಆದರೂ ಆ ಸಣ್ಣ ಏರಿನ ಮೇಲೆ, ಆಮೇಲೆ ಸಮನಾದ ಗೀಟಿನ ಉದ್ದಕ್ಕೂ ಬೆರಳಾಡಿಸಿದರು. ಗೀಟು ಮುಗಿಯುವಲ್ಲಿ ಬೆರಳು ನಿಂತಿತು.

“ಇಷ್ಟೇ ಹೊತ್ತು ತಿಂತಿದ್ದ ಅಂವ” ಎಂದರು. ಆಮೇಲೆ ಬೆರಳು ತೆಗೆದು, “ಆವತ್ತು ಯಾರೂ ಓದಲಿಲ್ಲ. ಈ ಸಲ ನೀ ಓದಿದಿ. ಸಾಕ ಬಿಡು ಯವ್ವಾ, ಇನ್ನ ನಾ ನೀರ ಹಾಕೂದಿಲ್ಲ” ಎಂದರು.

ಆ ಕಾಗದವನ್ನು ಕೇಳಿ ಇಟ್ಟುಕೊಂಡರು. ಅಂದಿನಿಂದ ಕಾಲುವೆ ಬಂದಾದಾಗ ಹದಿನೇಳನೆಯ ಅಂಕಿ ಸೊನ್ನೆಯಲ್ಲಿಯೇ ಇದೆ. ಆದರೂ ಮೂರಾದರೆ ಆಪರೇಟರು ಕುರ್ಚಿ ತಿರುಗಿಸಿ ಅದನ್ನು ಒಮ್ಮೆ ನೋಡುತ್ತಾರೆ. ಚಹಾ ಆಮೇಲೆ.

ಹಳೆಯ ಎರಡು ನಮೂದುಗಳನ್ನೂ ನನ್ನ ಕೈಯಿಂದಲೇ ಅಳಿಸಿ ಮೂರನೆಯದನ್ನು ಬರೆದೆ. ಕಮಾಂಡು ಓಡಿಸಿ, ಪ್ರತಿ ಸಾಲನ್ನೂ ಬೆರಳಿಟ್ಟು ಓದಿ, ಪರದೆಯಲ್ಲಿ ತೆರೆದು ನೋಡಿ ಖಚಿತಪಡಿಸಿಕೊಂಡೆ. ಅದು ಈಗಲೂ ಜಾರಿಯಲ್ಲಿದೆ: ‘ಈ ಅಂಕಿ ಎಷ್ಟೇ ಏರಲಿ, ಯಾವ ಹೊತ್ತಿಗೇ ಏರಲಿ, ಮೊದಲು ತಳದಲ್ಲಿರುವ ಜನರನ್ನು ಮೇಲೆ ಕರೆಯತಕ್ಕದ್ದು. ಕಾರಣವನ್ನು ನಂತರ ಹುಡುಕತಕ್ಕದ್ದು. ಕಾರಣ ಸಿಗದೆಯೂ ಇರಬಹುದು.’ ಕೊನೆಯ ವಾಕ್ಯ ಸಹಾಯ-ಪಠ್ಯಕ್ಕೆ ತಕ್ಕದ್ದಲ್ಲವೆಂದು ಸಾಹೇಬರು ಪೆನ್ಸಿಲಿನಲ್ಲಿ ಗುರುತು ಹಾಕಿದರು. ನಂತರ ಅವರೇ ಅಳಿಸಿದರು.

ಕೊನೆಯದಾಗಿ ತಮ್ಮಲ್ಲಿ ಕೋರುವುದು ಇಷ್ಟೇ. ಈ ಬರಹದಲ್ಲಿ ಅಕ್ಷರದ, ಒತ್ತಿನ, ವಾಕ್ಯದ ದೋಷಗಳು ಬಹಳ ಇರುತ್ತವೆ. ಕಂಡಲ್ಲಿ ದಯವಿಟ್ಟು ತಿದ್ದಿರಿ. ಸಂಕೋಚದಿಂದ ನನ್ನ ತಪ್ಪು ವಾಕ್ಯವನ್ನು ಮೇಲೆ ಹಾಗೆಯೇ ಬಿಟ್ಟು, ಸರಿಯಾದುದನ್ನು ಅದರ ಕೆಳಗೆ ಬರೆಯಬೇಡಿ. ತಪ್ಪನ್ನು ಪೂರ್ತಿ ಹೊಡೆದುಹಾಕಿ.

ಇತಿ ತಮ್ಮ ವಿಶ್ವಾಸಿ,
ಹದಿನೇಳನೇ ಗೇಜಿನ ವಿವರಣೆ ಬರೆದವಳು